ನಾರ್ಮಲ್ ಎಂದು ಹೇಳುವವರು ಯಾರು?

ಯುದ್ಧದ ನಡುವೆ ಕೂತು ಆರೋಗ್ಯ, ರೋಗ ಮತ್ತು ಸಾವಿನ ಬಗ್ಗೆ ಪ್ರಬಂಧ ಬರೆದವರು ಫ್ರೆಂಚ್ ತತ್ವಶಾಸ್ತ್ರಜ್ಞ ಜಾರ್ಜ್ ಕಾಂಗಿಲೆಮ್. ಎಂಬತ್ತು ವರ್ಷ ಕಳೆದ ಮೇಲೂ ಅವರ ಪ್ರಶ್ನೆಗಳು ನಮ್ಮ ರಕ್ತಪರೀಕ್ಷೆಯ ವರದಿಗೂ ಐಸಿಯು ಮುಂದಿನ ಬೆಂಚಿಗೂ ನೇರವಾಗಿ ಸಂಬಂಧಿಸಿವೆ.

ರಕ್ತಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ನಮ್ಮ ಕಣ್ಣು ಹೋಗುವುದು ಬಲಗಡೆಯ ಕಾಲಮ್ಮಿಗೆ. ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ಟಿಎಸ್‌ಎಚ್ ಹೀಗೆ ಸಾಲು ಸಾಲು ಹೆಸರು. ಒಂದೊಂದರ ಮುಂದೆಯೂ ನಮ್ಮ ಅಂಕಿ, ಅದರ ಪಕ್ಕದಲ್ಲಿ ಇರಬೇಕಾದ ಮಿತಿ. ಮಿತಿ ದಾಟಿದ್ದರೆ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ. ಎಲ್ಲವೂ ಮಿತಿಯೊಳಗಿದ್ದರೆ ‘ರಿಪೋರ್ಟ್ ನಾರ್ಮಲ್ ಬಂತು’ ಎಂದು ಮನೆಗೆ ಫೋನ್ ಮಾಡಿ ನಿರಾಳವಾಗುತ್ತೇವೆ.

ಆ ಮಿತಿಯನ್ನು ನಿರ್ಧರಿಸುವುದು ಹೇಗೆ? ಆರೋಗ್ಯವಂತರು ಎನಿಸಿಕೊಂಡ ಒಂದಷ್ಟು ಜನರ ರಕ್ತ ಪರೀಕ್ಷಿಸಿ, ಬಂದ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನ ಶೇ 2.5 ಮತ್ತು ಕೆಳಗಿನ ಶೇ 2.5 ಭಾಗವನ್ನು ಬಿಟ್ಟು, ನಡುವಿನ ಶೇ 95ನ್ನು ಸಹಜ ಮಿತಿ ಎಂದು ಕರೆಯುವುದು ಬಹುತೇಕ ಪರೀಕ್ಷೆಗಳಲ್ಲಿ ನಡೆದುಬಂದ ರೂಢಿ. ಅಂದರೆ ಯಾವ ತೊಂದರೆಯೂ ಇಲ್ಲದ ನೂರು ಮಂದಿಯಲ್ಲಿ ಐವರು ಮಿತಿಯ ಹೊರಗೆ ಬೀಳುವುದು ಆ ಲೆಕ್ಕದಲ್ಲೇ ಸೇರಿಕೊಂಡಿದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಆರೋಗ್ಯವಾಗಿರುವ ವ್ಯಕ್ತಿಗೂ ಕನಿಷ್ಠ ಒಂದರಲ್ಲಿ ದಪ್ಪ ಅಕ್ಷರ ಬರುವ ಸಾಧ್ಯತೆ ಶೇ 64ರಷ್ಟು. ಇನ್ನೊಂದು ಕಡೆ, ಎಲ್ಲ ಅಂಕಿಗಳೂ ಮಿತಿಯೊಳಗೇ ಇದ್ದು, ಎರಡು ಮಹಡಿ ಹತ್ತಲಾರದೆ, ರಾತ್ರಿ ಕಣ್ಣು ಮುಚ್ಚಲಾಗದೆ ಸೊರಗುತ್ತಿರುವವರು ‘ನಿಮಗೇನೂ ಆಗಿಲ್ಲ’ ಎನ್ನಿಸಿಕೊಂಡು ಕ್ಲಿನಿಕ್ಕಿನಿಂದ ವಾಪಸಾಗುತ್ತಾರೆ.

ಹಾಗಾದರೆ ಎಲ್ಲರಂತೆ ಇರುವುದೇ ಆರೋಗ್ಯವೇ? ಯಾರಿಗೆ ಕಾಯಿಲೆ ಇದೆ ಎಂದು ತೀರ್ಮಾನಿಸುವ ಅಧಿಕಾರ ಅಂಕಿಗೋ, ವೈದ್ಯರಿಗೋ, ನರಳುತ್ತಿರುವವರಿಗೋ? ಈ ಪ್ರಶ್ನೆಯ ಬೆನ್ನು ಹತ್ತಿ ಇಡೀ ಜೀವಮಾನ ಕಳೆದವರು ಕಾಂಗಿಲೆಮ್.

ದರ್ಜಿಯ ಮಗ, ಮೇಷ್ಟ್ರು, ವೈದ್ಯ

ಅವರು ಹುಟ್ಟಿದ್ದು 1904ರಲ್ಲಿ, ದಕ್ಷಿಣ ಫ್ರಾನ್ಸಿನ ಕಾಸ್ತೆಲ್ನೊದಾರಿ ಎಂಬ ಸಣ್ಣ ಊರಿನಲ್ಲಿ. ತಂದೆ ದರ್ಜಿ. 1924ರಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಲ್ ಸುಪೀರಿಯರ್‌ಗೆ ಪ್ರವೇಶ ಸಿಕ್ಕಿತು. ಅದೇ ವರ್ಷ ಅಲ್ಲಿಗೆ ಬಂದವರಲ್ಲಿ ಝಾನ್ ಪಾಲ್ ಸಾರ್ತ್ರ್, ರೇಮೋಂ ಆರೋಂ ಇದ್ದರು. ಓದು ಮುಗಿಸಿ ತತ್ವಶಾಸ್ತ್ರದ ಮೇಷ್ಟ್ರಾದರು. ತೂಲೂಸ್ ನಗರದಲ್ಲಿ ಪಾಠ ಹೇಳುತ್ತಿದ್ದಾಗ, ಮೂವತ್ತು ದಾಟಿದ ವಯಸ್ಸಿನಲ್ಲಿ, ವೈದ್ಯಕೀಯ ಓದಲು ಶುರುಮಾಡಿದರು. ಪ್ರಾಕ್ಟೀಸ್ ಮಾಡುವ ಆಸೆ ಅವರಿಗಿರಲಿಲ್ಲ. ಮನುಷ್ಯರ ನಿಜವಾದ ಕಷ್ಟಗಳು ಎದುರಾಗುವ ಜಾಗದಲ್ಲಿ ನಿಂತು ಯೋಚಿಸಬೇಕು, ಆ ಜಾಗ ಆಸ್ಪತ್ರೆ ಎಂಬುದು ಅವರ ನಂಬಿಕೆಯಾಗಿತ್ತು.

1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಮಾರ್ಷಲ್ ಪೆತಾಂ ಅವರ ವಿಶೀ ಸರ್ಕಾರ ದುಡಿಮೆ, ಕುಟುಂಬ, ಪಿತೃಭೂಮಿ ಎಂಬ ಘೋಷಣೆಯೊಂದಿಗೆ ಬಂತು. ಅದನ್ನು ಮಕ್ಕಳಿಗೆ ಬೋಧಿಸುವುದಕ್ಕೆ ತಾನು ತತ್ವಶಾಸ್ತ್ರ ಓದಿದವನಲ್ಲ ಎಂದು ಕಾಂಗಿಲೆಮ್ ಶಾಲೆಯ ಕೆಲಸದಿಂದ ಹೊರಬಂದರು. ಮರುವರ್ಷ ಗೆಳೆಯ ಝಾನ್ ಕವಾಯೆಸ್ ತಾವು ತೆರವು ಮಾಡುತ್ತಿದ್ದ ಸ್ಟ್ರಾಸ್‌ಬುರ್ಗ್ ವಿಶ್ವವಿದ್ಯಾಲಯದ ಹುದ್ದೆಗೆ ಅವರನ್ನು ಕರೆತಂದರು. ಜರ್ಮನ್ನರು ಅಲ್ಸಾಸ್ ಪ್ರಾಂತ್ಯವನ್ನು ನುಂಗಿದ್ದರಿಂದ ಆ ವಿಶ್ವವಿದ್ಯಾಲಯ ಕ್ಲೆರ್ಮೋಂ-ಫೆರಾಂ ನಗರಕ್ಕೆ ಸ್ಥಳಾಂತರವಾಗಿತ್ತು. ಗಣಿತದ ತತ್ವಶಾಸ್ತ್ರದಲ್ಲಿ ದೊಡ್ಡ ಹೆಸರಾಗಿದ್ದ ಕವಾಯೆಸ್, ಭೂಗತ ಪ್ರತಿರೋಧ ಚಳವಳಿಯ ನಾಯಕರೂ ಹೌದು. ಅವರ ಜೊತೆ ಕಾಂಗಿಲೆಮ್ ಕೂಡ ಚಳವಳಿಗೆ ಇಳಿದರು. 1944ರ ಆರಂಭದಲ್ಲಿ ನಾಜಿಗಳು ಕವಾಯೆಸ್ ಅವರನ್ನು ಗುಂಡಿಟ್ಟು ಕೊಂದರು.

ಹಗಲು ಪಾಠ, ಮರೆಯಲ್ಲಿ ಚಳವಳಿ. ಈ ನಡುವೆಯೇ 1943ರಲ್ಲಿ ಕಾಂಗಿಲೆಮ್ ವೈದ್ಯಕೀಯ ಡಾಕ್ಟರೇಟಿಗಾಗಿ ಸಹಜ ಮತ್ತು ರೋಗಗ್ರಸ್ತ ಸ್ಥಿತಿಗಳ ಬಗ್ಗೆ ಪ್ರಬಂಧ ಮಂಡಿಸಿದರು. ಇಪ್ಪತ್ತು ವರ್ಷಗಳ ನಂತರ ಅದಕ್ಕೆ ಹೊಸ ಅಧ್ಯಾಯಗಳನ್ನು ಸೇರಿಸಿ, 1966ರಲ್ಲಿ ಪುಸ್ತಕವಾಗಿ ತಂದರು. ಅಷ್ಟರಲ್ಲಾಗಲೇ ಅವರು ಸೊರ್ಬಾನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಮಿಷೆಲ್ ಫೂಕೋ ಹುಚ್ಚಿನ ಇತಿಹಾಸದ ಮೇಲೆ ಬರೆದ ಮಹಾಪ್ರಬಂಧವನ್ನು ಪರಿಶೀಲಿಸಿ ವರದಿ ಕೊಟ್ಟವರು ಅವರೇ. 1984ರಲ್ಲಿ ಫೂಕೋ ಸಾಯುವ ಮುಂಚೆ ಅಚ್ಚಿಗೆ ಸಿದ್ಧಪಡಿಸಿದ ಕೊನೆಯ ಬರಹಗಳಲ್ಲೊಂದು ಕಾಂಗಿಲೆಮ್ ಅವರ ಕುರಿತದ್ದು. ಕಾಂಗಿಲೆಮ್ ತೀರಿಕೊಂಡದ್ದು 1995ರಲ್ಲಿ.

ಹೆಚ್ಚು, ಕಡಿಮೆ ಎಂಬ ಲೆಕ್ಕ

ಅವರು ಎದುರು ಹಾಕಿಕೊಂಡದ್ದು 19ನೇ ಶತಮಾನದ ಫ್ರಾನ್ಸಿನಲ್ಲಿ ಗಟ್ಟಿಯಾಗಿ ಬೇರೂರಿದ್ದ ಒಂದು ವಿಚಾರವನ್ನು. ರೋಗಕ್ಕೂ ಆರೋಗ್ಯಕ್ಕೂ ಮೂಲದಲ್ಲಿ ಭೇದವಿಲ್ಲ, ದೇಹದ ಸಹಜ ಕ್ರಿಯೆಯೇ ಹೆಚ್ಚಾದರೆ ಅಥವಾ ಕಡಿಮೆಯಾದರೆ ಅದೇ ರೋಗ ಎಂಬುದು ಆ ವಿಚಾರ. ಬ್ರುಸೆ ಎಂಬ ವೈದ್ಯರು ಇದನ್ನು ಪ್ರತಿಪಾದಿಸಿದರು, ಓಗುಸ್ತ್ ಕೋಂತ್ ಸಮಾಜಕ್ಕೂ ಅನ್ವಯಿಸಿದರು, ಶರೀರಕ್ರಿಯಾ ವಿಜ್ಞಾನಿ ಕ್ಲೋಡ್ ಬರ್ನಾರ್ ಪ್ರಯೋಗಾಲಯದಲ್ಲಿ ಆಧಾರ ಒದಗಿಸಿದರು.

ಬರ್ನಾರ್ ಮುಂದಿಟ್ಟ ಉದಾಹರಣೆ ಸಕ್ಕರೆ ಕಾಯಿಲೆ. ಸಕ್ಕರೆ ಆರೋಗ್ಯವಂತರ ರಕ್ತದಲ್ಲೂ ಸದಾ ಇರುತ್ತದೆ, ಅದನ್ನು ಯಕೃತ್ತು ತಯಾರಿಸುತ್ತದೆ ಎಂದು ತೋರಿಸಿಕೊಟ್ಟದ್ದು ಅವರ ದೊಡ್ಡ ಸಾಧನೆ. ಆ ಪ್ರಮಾಣ ಒಂದು ಮಟ್ಟ ದಾಟಿದಾಗ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಹಾಗಾಗಿ ಮಧುಮೇಹಿಗೂ ಉಳಿದವರಿಗೂ ಇರುವುದು ಪ್ರಮಾಣದ ವ್ಯತ್ಯಾಸ ಮಾತ್ರ ಎಂದು ಅವರು ವಾದಿಸಿದರು.

ಈ ನೋಟ ವೈದ್ಯಕೀಯಕ್ಕೆ ತಂದುಕೊಟ್ಟ ಲಾಭ ಸಣ್ಣದಲ್ಲ. ಶಾಪ, ಗ್ರಹಚಾರ, ಕರ್ಮಫಲ ಎಂದು ಹೆದರುತ್ತಿದ್ದ ರೋಗವನ್ನು ಅಳೆಯಲು, ತಿದ್ದಲು ಸಾಧ್ಯವಾಯಿತು. ಕಾಂಗಿಲೆಮ್ ಇದನ್ನು ಒಪ್ಪುತ್ತಾರೆ. ಅವರ ತಕರಾರು ಬೇರೆ ಕಡೆ ಇದೆ. ಒಬ್ಬರು ಮಧುಮೇಹಿಯಾದಾಗ ಏರುವುದು ಸಕ್ಕರೆ ಒಂದೇ ಅಲ್ಲ. ಮೂತ್ರಪಿಂಡ, ರಕ್ತನಾಳ, ಕಣ್ಣು, ಗಾಯ ಮಾಯುವ ಬಗೆ, ಹಸಿವು, ಬಾಯಾರಿಕೆ ಎಲ್ಲವೂ ಬದಲಾಗುತ್ತವೆ. ಅಂಗಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಪ್ರಮಾಣದ ಏರುಪೇರಾಗಿ ಕಾಣುವುದು, ಇಡೀ ಮನುಷ್ಯನನ್ನು ನೋಡಿದಾಗ ಬೇರೆಯೇ ಒಂದು ಬದುಕಾಗಿ ಕಾಣುತ್ತದೆ. ಎರಡನೆಯದಾಗಿ, ‘ಹೆಚ್ಚಾಯಿತು’ ಎನ್ನುವಾಗ ಇಷ್ಟಿದ್ದರೆ ಒಳ್ಳೆಯದು, ಇದಕ್ಕಿಂತ ಮೇಲಾದರೆ ಕೆಟ್ಟದ್ದು ಎಂಬ ತೀರ್ಮಾನ ಆಗಲೇ ನಡೆದುಹೋಗಿರುತ್ತದೆ. ಒಳಿತು ಕೆಡುಕಿನ ಆ ತೀರ್ಮಾನವನ್ನು ಅಂಕಿ ತಾನಾಗಿಯೇ ಮಾಡಲಾರದು.

ಇದಕ್ಕೆ ನಮ್ಮ ಕಾಲದ ಸಾಕ್ಷಿ ಬೇಕಿದ್ದರೆ 1997ನ್ನು ನೋಡಬಹುದು. ಆ ವರ್ಷ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್, ಖಾಲಿ ಹೊಟ್ಟೆಯ ಸಕ್ಕರೆ 140 ಇದ್ದರೆ ಮಧುಮೇಹ ಎಂಬ ಮಿತಿಯನ್ನು 126ಕ್ಕೆ ಇಳಿಸಿತು. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು ರಕ್ತದೊತ್ತಡದ ಮಿತಿಯನ್ನು 140/90ರಿಂದ 130/80ಕ್ಕೆ ತಂದವು. ಹಿಂದಿನ ದಿನ ಮಲಗಿದ ದೇಹಗಳೇ ಮರುದಿನ ಎದ್ದವು; ಆದರೆ ಅಷ್ಟರಲ್ಲಿ ಲಕ್ಷಾಂತರ ಜನ ರೋಗಿಗಳ ಪಟ್ಟಿಗೆ ಸೇರಿದ್ದರು. ಇದು ಮನಸ್ಸಿಗೆ ಬಂದಂತೆ ಮಾಡಿದ ಬದಲಾವಣೆ ಅಲ್ಲ. ಕಣ್ಣಿನ ಅಕ್ಷಿಪಟಲಕ್ಕೆ ಹಾನಿ, ಪಾರ್ಶ್ವವಾಯು, ಹೃದಯಾಘಾತದ ಅಪಾಯ ಯಾವ ಹಂತದಿಂದ ಏರುತ್ತದೆ ಎಂಬ ಅಧ್ಯಯನಗಳು ಅದರ ಹಿಂದಿದ್ದವು. ಆದರೂ ಎಷ್ಟು ಅಪಾಯವನ್ನು ಸಹಿಸಬಹುದು, ಎಷ್ಟಕ್ಕೆ ಮಾತ್ರೆ ಶುರುಮಾಡಬೇಕು ಎಂಬುದು ಕೊನೆಗೆ ಮನುಷ್ಯರು ಬದುಕಿಗೆ ಕೊಡುವ ಬೆಲೆಯ ಮೇಲೆ ನಿಂತ ನಿರ್ಧಾರ.

ಸರಾಸರಿಯ ವಿಷಯವೂ ಹೀಗೆಯೇ. ಬೆಲ್ಜಿಯಂನ ಖಗೋಳ ವಿಜ್ಞಾನಿ ಅಡಾಲ್ಫ್ ಕೆತ್ಲೆ 1835ರಲ್ಲಿ ‘ಸರಾಸರಿ ಮನುಷ್ಯ’ನ ಕಲ್ಪನೆ ಕೊಟ್ಟರು. ಎತ್ತರ, ತೂಕ, ಎದೆಯ ಸುತ್ತಳತೆಯ ಸರಾಸರಿಯಲ್ಲಿ ಪ್ರಕೃತಿಯ ಉದ್ದೇಶವೇ ಕಾಣುತ್ತದೆ ಎಂಬಂತೆ ಅವರು ಅದನ್ನು ಮಂಡಿಸಿದರು. ಕಾಂಗಿಲೆಮ್ ಇದನ್ನು ತಲೆಕೆಳಗು ಮಾಡುತ್ತಾರೆ. ಒಂದು ಸಮಾಜ ಯಾವುದನ್ನು ಮುಖ್ಯವೆಂದು ಹಿಡಿದು ಬದುಕುತ್ತದೆಯೋ ಅದರ ಗುರುತು ಸರಾಸರಿಯ ಮೇಲೆ ಬೀಳುತ್ತದೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಎರಡು ಮೂರು ತಲೆಮಾರಿನಲ್ಲಿ ನಮ್ಮ ದೇಹದ ರಚನೆ ಬದಲಾಗಲಿಲ್ಲ. ಲಸಿಕೆ, ಕುಡಿಯುವ ನೀರು, ಹೆರಿಗೆ ಆಸ್ಪತ್ರೆ, ಪಡಿತರದ ಅಕ್ಕಿ ಬಂದವು. ಅಂದು 32 ಎಂಬುದು ‘ನಾರ್ಮಲ್’ ಆಗಿತ್ತು ಎಂದು ಸುಮ್ಮನೆ ಕೂತಿದ್ದರೆ ಇಂದಿನ 70 ಬರುತ್ತಿರಲಿಲ್ಲ.

ಬೆಟ್ಟಕ್ಕೆ ಹೋದ ದಾದಿ

ಹಾಗಾದರೆ ಆರೋಗ್ಯ ಎಂದರೇನು? ಕಾಂಗಿಲೆಮ್ ಪ್ರಬಂಧದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ದಾದಿ ಬರುತ್ತಾಳೆ. ಅವಳ ರಕ್ತದೊತ್ತಡ ಕಡಿಮೆ. ಆದರೆ ಅವಳಿಗೆ ಅದು ಗೊತ್ತೇ ಇಲ್ಲ. ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡು ಹೋಗುತ್ತಿದ್ದಾಳೆ. ರಜೆಯಲ್ಲಿ ಅವಳನ್ನು ಬೆಟ್ಟದ ಸೀಮೆಗೆ ಕರೆದೊಯ್ದಾಗ ತೊಂದರೆ ಶುರುವಾಗುತ್ತದೆ. ಬೆಟ್ಟದ ಮೇಲೆ ಬದುಕಲೇಬೇಕೆಂದು ಯಾವ ಕಾನೂನೂ ಇಲ್ಲ ನಿಜ. ಆದರೆ ಬೇಕೆಂದಾಗ ಬೆಟ್ಟಕ್ಕೂ ಹೋಗಬಲ್ಲವರು ಹೆಚ್ಚು ಆರೋಗ್ಯವಂತರು. ಏಕೆಂದರೆ ಬದಲಾವಣೆ ಯಾವತ್ತೂ ಹೇಳಿ ಕೇಳಿ ಬರುವುದಿಲ್ಲ.

ಅವರ ವಿಚಾರದ ತಿರುಳು ಇದೇ. ಒಂದು ಪರಿಸರಕ್ಕೆ ಹೊಂದಿಕೊಂಡಿರುವುದಷ್ಟೇ ಆರೋಗ್ಯವಲ್ಲ. ಪರಿಸರ ಬದಲಾದಾಗ ತಾಳಿಕೊಳ್ಳುವ, ಹೊಸ ಸಂದರ್ಭಕ್ಕೆ ತಕ್ಕ ಹೊಸ ನಡೆಯನ್ನು ದೇಹ ತಾನೇ ರೂಪಿಸಿಕೊಳ್ಳುವ ಶಕ್ತಿ ಆರೋಗ್ಯ. ಕಣಜದಲ್ಲಿ ಕಾಳು ಉಳಿಸಿಕೊಂಡ ರೈತ ಒಂದು ಮಳೆ ಕೈಕೊಟ್ಟರೂ ಮುಂದಿನ ಬಿತ್ತನೆಗೆ ಅಣಿಯಾಗುವಂತೆ, ಆರೋಗ್ಯವಂತ ದೇಹದಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಉಳಿಕೆ ಇರುತ್ತದೆ. ಜ್ವರ ಬರಬಹುದು, ನಿದ್ದೆಗೆಡಬಹುದು, ದಿನವಿಡೀ ಓಡಾಡಬಹುದು, ಮತ್ತೆ ಸುಧಾರಿಸಿಕೊಳ್ಳಬಹುದು. ಕಾಯಿಲೆ ಬಿದ್ದು ಮೇಲೇಳುವ ಸಾಮರ್ಥ್ಯವೂ ಆರೋಗ್ಯದ ಭಾಗವೇ ಎನ್ನುತ್ತಾರೆ ಕಾಂಗಿಲೆಮ್. ಬದಲಾವಣೆಯನ್ನು ತಾಳಿಕೊಳ್ಳುವ ಈ ಅಂಚು ಕಾಯಿಲೆಯಲ್ಲಿ ಕಿರಿದಾಗುತ್ತದೆ. ರೋಗಿಗೂ ಅವನದೇ ಆದ ಒಂದು ಕ್ರಮ ಇರುತ್ತದೆ, ಆದರೆ ಅದರ ಆಚೆ ಕಾಲಿಡಲು ಆಗುವುದಿಲ್ಲ.

ಇದಕ್ಕೆ ಅವರು ಆಧಾರವಾಗಿ ಹಿಡಿದದ್ದು ಜರ್ಮನಿಯ ನರರೋಗ ತಜ್ಞ ಕುರ್ಟ್ ಗೋಲ್ಡ್‌ಸ್ಟೈನ್ ಅವರ ಕೆಲಸವನ್ನು. ಮೊದಲ ಮಹಾಯುದ್ಧದಲ್ಲಿ ಮಿದುಳಿಗೆ ಪೆಟ್ಟು ಬಿದ್ದ ಸೈನಿಕರಿಗೆ ಗೋಲ್ಡ್‌ಸ್ಟೈನ್ ಫ್ರಾಂಕ್‌ಫರ್ಟ್‌ನಲ್ಲಿ ಚಿಕಿತ್ಸೆ ನೀಡಿದ್ದರು. ಆ ಸೈನಿಕರು ತಮ್ಮ ಬೀರುವಿನಲ್ಲಿ ಬಟ್ಟೆ, ಬಾಚಣಿಗೆ, ಬೂಟು ಎಲ್ಲವನ್ನೂ ಇಟ್ಟ ಜಾಗದಲ್ಲೇ ಇಡುತ್ತಿದ್ದರು. ಒಂದು ವಸ್ತು ಆಚೀಚೆ ಆದರೂ ಕಂಗಾಲು. ಖಾಲಿ ಹಾಳೆ ಕೊಟ್ಟು ಹೆಸರು ಬರೆಯಲು ಹೇಳಿದರೆ ಅಂಚಿಗೇ ಒತ್ತಿ ಬರೆಯುತ್ತಿದ್ದರು. ನಡುವಿನ ಖಾಲಿ ಜಾಗ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಹೊರಗಿನವರಿಗೆ ಇದು ಅಚ್ಚುಕಟ್ಟುತನವಾಗಿ ಕಾಣುತ್ತಿತ್ತು. ನಿಜಕ್ಕೂ ಅದು ಕುಗ್ಗಿದ ಲೋಕದೊಳಗೆ ಕುಸಿಯದೆ ಉಳಿಯಲು ಗಾಯಗೊಂಡ ಮಿದುಳು ಕಂಡುಕೊಂಡ ದಾರಿ. ಯಹೂದಿಯಾಗಿದ್ದ ಗೋಲ್ಡ್‌ಸ್ಟೈನ್ ಅವರನ್ನು 1933ರಲ್ಲಿ ನಾಜಿಗಳು ಬಂಧಿಸಿದರು. ದೇಶ ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ ಸೇರಿ, ಅಲ್ಲಿ ಈ ಅನುಭವಗಳನ್ನೆಲ್ಲ ಗ್ರಂಥವಾಗಿ ಬರೆದರು.

ಕೊರತೆ ಎನಿಸುವುದು ಕೂಡ ಪರಿಸರವನ್ನು ಅವಲಂಬಿಸಿದೆ. ರೆಕ್ಕೆ ಮೊಟಕಾದ ಹಣ್ಣಿನ ನೊಣ ಸಾಮಾನ್ಯವಾಗಿ ಸೋಲುತ್ತದೆ. ಗಾಳಿ ಬೀಸಿ ಬೀಸಿ ಹಾರುವ ನೊಣಗಳನ್ನೇ ಹೊತ್ತೊಯ್ಯುವ ಕಡೆ ಮೊಟಕು ರೆಕ್ಕೆಯದೇ ಉಳಿಯುತ್ತದೆ ಎಂದು ಫ್ರೆಂಚ್ ವಿಜ್ಞಾನಿಗಳು 1930ರ ದಶಕದಲ್ಲಿ ತೋರಿಸಿದ್ದನ್ನು ಕಾಂಗಿಲೆಮ್ ಎತ್ತಿ ಹೇಳುತ್ತಾರೆ. ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. ಸಿಕಲ್ ಸೆಲ್ ರಕ್ತಹೀನತೆ ಭಾರತದಲ್ಲಿ ಮೊದಲು ಬೆಳಕಿಗೆ ಬಂದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲೂ ಅದು ಇದೆ. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದರೆ ಕೈಕಾಲು, ಎದೆ ಹಿಂಡುವ ನೋವು ಕಾಡುತ್ತದೆ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ತೀವ್ರ ಮಲೇರಿಯಾದಿಂದ ಅವರಿಗೆ ರಕ್ಷಣೆಯೂ ಸಿಗುತ್ತದೆ ಎಂದು ಆಂಥೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಕಾಡಿನ ಮಲೇರಿಯಾದ ನಡುವೆ ತಲೆಮಾರುಗಳನ್ನು ಕಾಪಾಡಿದ ಜೀನನ್ನು ದೋಷ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸಾಧ್ಯವಿಲ್ಲ.

‘ಇದೆಲ್ಲ ಇದ್ದದ್ದೇ’ ಎನ್ನುವ ಸುಸ್ತು

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕಾಂಗಿಲೆಮ್ ಹೇಳುವಂತೆ ನರಳುವವರ ಅನುಭವವೇ ಮೊದಲು ಎಂದರೆ, ಏನೂ ಅನುಭವಕ್ಕೆ ಬಾರದ ರೋಗಗಳ ಕಥೆ ಏನು? ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮಧುಮೇಹ, ಬಿಪಿ ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತವೆ. ಅಂಕಿ ಎಚ್ಚರಿಸದಿದ್ದರೆ ಕಿಡ್ನಿ ಕೆಟ್ಟ ಮೇಲೆಯೇ ತಿಳಿಯುವುದು.

ಈ ಆಕ್ಷೇಪ ಅವರ ಕಾಲದಲ್ಲೇ ಇತ್ತು. ಶಸ್ತ್ರವೈದ್ಯ ರೆನೆ ಲೆರಿಷ್, ಅಂಗಾಂಗಗಳು ಸದ್ದಿಲ್ಲದೆ ಇರುವ ಬದುಕನ್ನು ಆರೋಗ್ಯವೆಂದು ಕರೆದವರು. ಆದರೆ ಆ ಮೌನವನ್ನು ನಂಬುವಂತಿಲ್ಲ ಎಂದವರೂ ಅವರೇ. ಅಪಘಾತದಲ್ಲಿ ಸತ್ತ ವ್ಯಕ್ತಿಯ ಮರಣೋತ್ತರ ಪರೀಕ್ಷೆಯಲ್ಲಿ ಕಿಡ್ನಿ ಕ್ಯಾನ್ಸರ್ ಪತ್ತೆಯಾದರೆ, ಬದುಕಿದ್ದಾಗ ಅವನಿಗೆ ಏನೂ ಅನಿಸದಿದ್ದರೂ ಅವನು ರೋಗಿಯೇ ಎಂಬುದು ಲೆರಿಷ್ ನಿಲುವು. ಕಾಂಗಿಲೆಮ್ ಉತ್ತರ ಹೀಗಿದೆ: ಆ ಗೆಡ್ಡೆಯನ್ನು ನೋಡಿ ಇದು ಕ್ಯಾನ್ಸರ್ ಎಂದು ವೈದ್ಯರು ಇಂದು ಗುರುತಿಸಬಲ್ಲರು, ಏಕೆಂದರೆ ಹಿಂದೆ ಯಾರೋ ಬಂದು ನೋವು ಹೇಳಿಕೊಂಡಿದ್ದರು, ಅವರ ದೇಹದಲ್ಲಿ ವೈದ್ಯರು ಅದನ್ನು ಕಂಡಿದ್ದರು. ರೋಗಿಗೇ ತಿಳಿಯದ ರೋಗವನ್ನು ಹೇಳುವ ಜ್ಞಾನ, ಮೊದಲು ನರಳಿದವರಿಂದ ಬಂದ ಸಾಲ. ನಮ್ಮ ಪ್ರಯೋಗಾಲಯದ ಪ್ರತಿ ಮಿತಿಯ ಹಿಂದೆಯೂ ಕಣ್ಣು ಕಳೆದುಕೊಂಡ, ಕಾಲು ಕತ್ತರಿಸಿಕೊಂಡ, ಉಸಿರುಗಟ್ಟಿದ ಜನರಿದ್ದಾರೆ.

ಈ ಉತ್ತರ ನನಗೆ ಸರಿ ಎನಿಸುತ್ತದೆ. ಆದರೆ ನಮ್ಮ ದೇಶದಲ್ಲಿ ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆಯೇ ಇದೆ. ಬಡತನವು ಜನರಿಗೆ ತಮ್ಮ ನರಳಿಕೆಯನ್ನೇ ಸಹಜವೆಂದು ಒಪ್ಪಿಸಿಬಿಟ್ಟಿದ್ದರೆ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಸುಮಾರು ಶೇ 48. ಅವರಲ್ಲಿ ಒಬ್ಬಳ ದಿನವನ್ನು ನೆನೆಯಿರಿ. ನಸುಕಿಗೆ ಎದ್ದು ಬಾಗಿಲು ಸಾರಿಸಿ, ನೀರು ಹೊತ್ತು, ರೊಟ್ಟಿ ತಟ್ಟಿ, ಹೊಲಕ್ಕೆ ಹೋಗಿ, ಸಂಜೆ ಬಂದು ಮತ್ತೆ ಒಲೆ ಮುಂದೆ ಕೂರುತ್ತಾಳೆ. ಕೊಡ ಇಳಿಸುವಾಗ ಕಣ್ಣು ಕತ್ತಲೆ ಬರುತ್ತದೆ, ಗೋಡೆ ಹಿಡಿದು ಕ್ಷಣ ನಿಲ್ಲುತ್ತಾಳೆ. ಕೇಳಿದರೆ, ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎನ್ನುತ್ತಾಳೆ. ಅವಳ ಅತ್ತೆಗೂ ಹಾಗೇ ಇತ್ತು, ಅಕ್ಕಪಕ್ಕದವರಿಗೂ ಹಾಗೇ ಇದೆ. ಸರಾಸರಿಯ ಲೆಕ್ಕದಲ್ಲಿ ನೋಡಿದರೆ ಈ ದೇಶದಲ್ಲಿ ರಕ್ತ ಕಡಿಮೆ ಇರುವವಳೇ ಸಾಮಾನ್ಯ ಹೆಂಗಸು!

ಕಾಂಗಿಲೆಮ್ ಕೊಟ್ಟ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಅವಳು ತನ್ನ ದಿನಚರಿಗೆ ಹೊಂದಿಕೊಂಡಿದ್ದಾಳೆ, ಆದರೆ ಅವಳ ದೇಹದಲ್ಲಿ ಉಳಿಕೆ ಇಲ್ಲ. ಹೆರಿಗೆಯ ಹೊತ್ತಿನಲ್ಲಿ, ಬೇರೊಬ್ಬರು ತಡೆದುಕೊಳ್ಳುವಷ್ಟು ರಕ್ತಸ್ರಾವ ಅವಳ ಪ್ರಾಣಕ್ಕೇ ಎರವಾಗಬಹುದು. ಹೊಂದಿಕೊಂಡು ಹೋಗುವುದಕ್ಕೂ ಆರೋಗ್ಯಕ್ಕೂ ಇರುವ ಅಂತರ ಇದು. ನಮ್ಮ ಸಮಾಜ ಹೆಂಗಸರ ಸಹನೆಯನ್ನು ಹೊಗಳುತ್ತ ಬಂದು, ಅವರ ದೇಹದ ಅಂಚು ಸವೆಯುತ್ತಿರುವುದನ್ನು ಕಾಣದೆ ಹೋಗಿದೆ.

ಆರೋಗ್ಯದ ಈ ವ್ಯಾಖ್ಯೆ ತತ್ವಶಾಸ್ತ್ರದ ತರಗತಿಯಲ್ಲೇ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಆರೋಗ್ಯವನ್ನು ದೈಹಿಕ, ಮಾನಸಿಕ, ಸಾಮಾಜಿಕ ಯೋಗಕ್ಷೇಮದ ಪರಿಪೂರ್ಣ ಸ್ಥಿತಿ ಎಂದು ವಿವರಿಸಿತ್ತು. ಅಷ್ಟು ಪರಿಪೂರ್ಣತೆ ಭೂಮಿಯ ಮೇಲೆ ಯಾರಿಗೂ ದಕ್ಕದು. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2009ರ ಸಂಪಾದಕೀಯದಲ್ಲಿ ಕಾಂಗಿಲೆಮ್ ಅವರನ್ನು ನೆನೆದು, ಹೊಂದಿಕೊಳ್ಳುವ ಸಾಮರ್ಥ್ಯವನ್ನೇ ಆರೋಗ್ಯವೆಂದು ಏಕೆ ಕಾಣಬಾರದು ಎಂದು ಕೇಳಿತು. ಆ ಮಾತನ್ನು ‘ಇದ್ದುದರಲ್ಲೇ ಹೊಂದಿಕೊಂಡು ಹೋಗಿ’ ಎಂದು ಓದಿದರೆ ಅಪಾಯ. ಜನರ ಅಂಚನ್ನು ಹಿಗ್ಗಿಸಬೇಕು ಎಂದು ಓದಬೇಕು.

ಮೊದಲಿನಂತೆ ಆಗಬೇಕು ಎಂಬ ಆಸೆ

ಪಾರ್ಶ್ವವಾಯು ಬಡಿದವರ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ ಎಲ್ಲರೂ ವೈದ್ಯರನ್ನು ಕೇಳುವುದು ಒಂದೇ ಪ್ರಶ್ನೆ: ಮೊದಲಿನ ಹಾಗೆ ಯಾವಾಗ ಆಗುತ್ತಾರೆ? 1978ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಗುಣವಾಗುವುದರ ಬಗ್ಗೆಯೇ ಕಾಂಗಿಲೆಮ್ ಒಂದು ಪ್ರಬಂಧ ಬರೆದರು. ಜೀವ ಹಿಂದಕ್ಕೆ ನಡೆಯುವುದಿಲ್ಲ, ಗುಣವಾಗುವುದು ಎಂದರೆ ಹಿಂದಿನ ಸ್ಥಿತಿಗೆ ಮರಳುವುದಲ್ಲ ಎಂಬುದು ಅದರ ಸಾರ. ಹೊಸದೊಂದು ಸ್ಥಿರತೆ, ಕೆಲವೊಮ್ಮೆ ಹಳೆಯದಕ್ಕಿಂತ ಮೇಲಾದದ್ದು, ಹಲವೊಮ್ಮೆ ಕಿರಿದಾದದ್ದು, ಕಟ್ಟಿಕೊಳ್ಳಬೇಕು.

ಇದು ಕೇಳಲು ಕಠಿಣ, ಆದರೆ ಇದರಲ್ಲಿ ದೊಡ್ಡ ಕರುಣೆ ಇದೆ. ಎಡಗೈ ಸ್ವಾಧೀನ ತಪ್ಪಿದ ಅಜ್ಜ ಒಂದೇ ಕೈಯಲ್ಲಿ ಅಂಗಿ ತೊಡಲು ಕಲಿತರೆ ಅದು ಅರ್ಧಂಬರ್ಧ ಚೇತರಿಕೆ ಅಲ್ಲ. ಅವರ ದೇಹ ಹೊಸ ದಾರಿ ಹುಡುಕಿದೆ. ಮನೆಯವರು ಹಳೆಯ ಅಜ್ಜನನ್ನೇ ಬೇಡುತ್ತಿದ್ದರೆ ಈ ಹೊಸ ಸಾಧನೆ ಅವರ ಕಣ್ಣಿಗೆ ಬೀಳುವುದೇ ಇಲ್ಲ; ಅಜ್ಜ ಸೋತವರಾಗಿಯೇ ಉಳಿಯುತ್ತಾರೆ. ವರದಿ ಸುಧಾರಿಸಿದ ಕೂಡಲೇ ಚಿಕಿತ್ಸೆ ಮುಗಿಯಿತೆಂದು ತಿಳಿಯುವ ವೈದ್ಯರಿಗೂ ಈ ಮಾತು ಅನ್ವಯಿಸುತ್ತದೆ. ತಾನು ಸುಧಾರಿಸಿದ್ದೇನೆ ಎಂದು ರೋಗಿಗೇ ಅನಿಸುವವರೆಗೆ ಅವರ ಕೆಲಸ ಉಳಿದೇ ಇರುತ್ತದೆ.

ಸಾವಿನ ಎದುರು

1800ರಲ್ಲಿ ಝೇವಿಯೇ ಬಿಷಾ ಎಂಬ ಯುವ ವೈದ್ಯರು, ಸಾವನ್ನು ಎದುರಿಸಿ ನಿಲ್ಲುವ ಕ್ರಿಯೆಗಳ ಮೊತ್ತವೇ ಜೀವ ಎಂದು ಬರೆದರು. ಎರಡು ವರ್ಷದಲ್ಲಿ, ಮೂವತ್ತರ ಹರೆಯದಲ್ಲೇ, ತೀರಿಕೊಂಡರು. ಕಾಂಗಿಲೆಮ್ ಬಿಷಾ ಅವರನ್ನು ಆಳವಾಗಿ ಓದಿದವರು. ಕಲ್ಲಿಗೆ ಕಾಯಿಲೆ ಇಲ್ಲ. ಯಂತ್ರ ಕೆಡುತ್ತದೆ, ಆದರೆ ತನ್ನ ಕೆಡುಕು ಅದಕ್ಕೆ ತಿಳಿಯದು. ಸಾಯಬಲ್ಲದ್ದು ಮಾತ್ರ ಕಾಯಿಲೆ ಬೀಳಬಲ್ಲದು, ಒಂದು ಸ್ಥಿತಿ ತನಗೆ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಬೇರ್ಪಡಿಸಬಲ್ಲದು. ಅಮೀಬಾದಿಂದ ಮನುಷ್ಯರವರೆಗೆ ಜೀವ ಇರುವಲ್ಲೆಲ್ಲ ಈ ಆಯ್ಕೆ ನಡೆಯುತ್ತಿರುತ್ತದೆ.

ಆ ಆಯ್ಕೆಯನ್ನು ಬೇರೆಯವರು ಕಸಿದುಕೊಂಡರೆ ಏನಾಗುತ್ತದೆ ಎಂಬುದನ್ನು ಅವರ ಕಾಲ ಕಂಡಿತ್ತು. ಬದುಕಲು ಯೋಗ್ಯರಲ್ಲ ಎಂದು ಹಣೆಪಟ್ಟಿ ಕಟ್ಟಿ 1940–41ರಲ್ಲಿ ನಾಜಿಗಳು 70 ಸಾವಿರ ಮನೋರೋಗಿಗಳು ಮತ್ತು ಅಂಗವಿಕಲರನ್ನು ವಿಷಾನಿಲದ ಕೋಣೆಗೆ ಅಟ್ಟಿದರು. ಆಕ್ರಮಿತ ಫ್ರಾನ್ಸಿನ ಮನೋರೋಗ ಆಸ್ಪತ್ರೆಗಳಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಹಸಿವಿನಿಂದ ಸತ್ತರು ಎಂಬುದು ಇತಿಹಾಸಕಾರರ ಅಂದಾಜು.

1944ರ ಜೂನ್‌ನಲ್ಲಿ ಫ್ರಾನ್ಸಿನ ಮೋಂ ಮುಷೆ ಬೆಟ್ಟದಲ್ಲಿ ಪ್ರತಿರೋಧ ಚಳವಳಿಯ ಗೆರಿಲ್ಲಾಗಳಿಗೂ ಜರ್ಮನ್ ಸೇನೆಗೂ ಕಾಳಗ ನಡೆಯಿತು. ‘ಲಾಫೋಂ’ ಎಂಬ ಗುಪ್ತನಾಮದಲ್ಲಿದ್ದ ಕಾಂಗಿಲೆಮ್ ಅಲ್ಲಿ ಗಾಯಾಳುಗಳಿಗೆ ಶುಶ್ರೂಷೆ ಮಾಡಿದರು. ಆಮೇಲೆ ಗಾಯಾಳುಗಳೊಂದಿಗೆ ಅವರು ಆಶ್ರಯ ಪಡೆದದ್ದು ಸೇಂತ್ ಆಲ್ಬಾಂ ಮನೋರೋಗ ಆಸ್ಪತ್ರೆಯಲ್ಲಿ. ಸ್ಪೇನಿನಿಂದ ತಪ್ಪಿಸಿಕೊಂಡು ಬಂದಿದ್ದ ಕ್ಯಾಟಲನ್ ಮನೋವೈದ್ಯ ಫ್ರಾನ್ಸೆಸ್ಕ್ ತೊಸ್ಕೆಲ್ ಮತ್ತು ಸಂಗಡಿಗರು ಅಲ್ಲಿ ರೋಗಿಗಳು ಹಳ್ಳಿಗಳಿಗೆ ಹೋಗಿ ರೈತರ ಜೊತೆ ದುಡಿಯುವಂತೆ, ಆಹಾರ ತರುವಂತೆ ಮಾಡಿದ್ದರು. ಬೇರೆ ಆಸ್ಪತ್ರೆಗಳಲ್ಲಿ ನಡೆದ ಹಸಿವಿನ ಸಾವುಗಳಿಂದ ಅಲ್ಲಿಯವರು ಹೀಗೆ ಪಾರಾದರು. ಸಮಾಜ ಅಸಹಜರೆಂದು ದೂರ ಇಟ್ಟ ಜನರ ನಡುವೆ, ವೈದ್ಯ ತತ್ವಜ್ಞಾನಿಗೂ ಅವರ ಗಾಯಾಳುಗಳಿಗೂ ಜಾಗ ಸಿಕ್ಕಿತು.

1966ರ ಹೊಸ ಅಧ್ಯಾಯಗಳಲ್ಲಿ ಕಾಂಗಿಲೆಮ್ ಇನ್ನೊಂದು ಎಚ್ಚರಿಕೆ ಕೊಟ್ಟರು. ಜೀನ್‌ಗಳನ್ನು ಓದುವ ವಿದ್ಯೆ ಆಗ ತಾನೇ ಬೆಳೆಯುತ್ತಿತ್ತು. ಹುಟ್ಟಿನಿಂದ ಬರುವ ದೋಷಗಳಿಂದ ಜೀವಿಗಳನ್ನು ಪಾರುಮಾಡಬೇಕೆಂಬ ಉದಾರ ಕನಸು, ವಿಜ್ಞಾನದ ವೇಷ ತೊಟ್ಟ ಜೀನ್ ಪೊಲೀಸರಲ್ಲಿ ಕೊನೆಗೊಳ್ಳಬಹುದು ಎಂದರು. ನಮ್ಮ ದೇಶ 2023ರ ಜುಲೈಯಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿ, 7 ಕೋಟಿ ಜನರ ತಪಾಸಣೆಗೆ ಗುರಿ ಇಟ್ಟಿದೆ. ಜೀನ್ ಸ್ಥಿತಿ ತಿಳಿಸುವ ಕಾರ್ಡುಗಳನ್ನೂ ಕೊಡುತ್ತಿದೆ. ಬೇಗ ಪತ್ತೆಯಾದರೆ ಮಕ್ಕಳ ಜೀವ ಉಳಿಯುತ್ತದೆ, ಆದ್ದರಿಂದ ಈ ಕೆಲಸ ಆಗಲೇಬೇಕು. ಆದರೆ ಆ ಕಾರ್ಡು ಹಾಡಿಯ ಹುಡುಗಿಯ ಮದುವೆಗೆ ಅಡ್ಡಿಯಾಗುವ ಕಳಂಕವಾಗದಂತೆ ನೋಡಿಕೊಳ್ಳುವುದು ತಪಾಸಣೆಯಷ್ಟೇ ಮುಖ್ಯ.

ಬದುಕಿನ ಕೊನೆಯ ಘಟ್ಟದಲ್ಲೂ ಆಯ್ಕೆ ಯಾರದು ಎಂಬ ಪ್ರಶ್ನೆಯೇ ಎದುರಾಗುತ್ತದೆ. ಚೇತರಿಕೆಯ ಆಸೆ ಇಲ್ಲದ ಸ್ಥಿತಿಯಲ್ಲಿ ಜೀವರಕ್ಷಕ ಚಿಕಿತ್ಸೆ ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ವೆಂಟಿಲೇಟರಿನ ಪರದೆಯ ಮೇಲೆ ನಾಡಿ, ಒತ್ತಡ, ಆಮ್ಲಜನಕ ಎಲ್ಲವೂ ಮಿತಿಯೊಳಗಿರಬಹುದು. ಆ ಬದುಕು ಅಲ್ಲಿ ಮಲಗಿರುವ ವ್ಯಕ್ತಿಗೆ ಬೇಕೇ ಎಂಬುದನ್ನು ಪರದೆ ಹೇಳಲಾರದು. ಬಾಯಿ ಕಟ್ಟಿಹೋಗುವ ಮುಂಚೆ ಆ ವ್ಯಕ್ತಿ ಹೇಳಿದ್ದರೆ, ಬರೆದಿಟ್ಟಿದ್ದರೆ ಅದನ್ನು ಗೌರವಿಸಬೇಕು. ಆದರೆ ಹಣವಿಲ್ಲದೆ ಚಿಕಿತ್ಸೆ ನಿಲ್ಲಿಸುವುದನ್ನು ಈ ಹಕ್ಕಿನ ಜೊತೆ ಬೆರೆಸಬಾರದು. ಅಲ್ಲಿ ಆಯ್ಕೆ ಮಾಡಿದ್ದು ಆ ವ್ಯಕ್ತಿಯಲ್ಲ, ಬಡತನ.

ಇಷ್ಟೆಲ್ಲ ಓದಿ ರಕ್ತಪರೀಕ್ಷೆ ಬೇಡ, ಮಾತ್ರೆ ಬೇಡ ಎಂದು ಯಾರೂ ತೀರ್ಮಾನಿಸದಿರಲಿ. ಕಾಂಗಿಲೆಮ್ ವೈದ್ಯಶಾಸ್ತ್ರದ ವಿರೋಧಿಯಲ್ಲ, ಅದನ್ನು ಕಲಿತೇ ಮಾತಾಡಿದವರು. ಅವರು ಕೇಳಿದ್ದು ಕ್ರಮ ಬದಲಿಸಿ ಎಂದು: ಮೊದಲು ನರಳುವವರ ಮಾತು, ಆಮೇಲೆ ವರದಿ. ವೈದ್ಯರು ‘ಏನಾಗುತ್ತಿದೆ’ ಎಂಬುದರ ಜೊತೆಗೆ ‘ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ’ ಎಂದೂ ಕೇಳಲಿ. ಆ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ರೋಗಿಯ ಅಂಚು ಎಷ್ಟು ಕಿರಿದಾಗಿದೆ ಎಂಬುದು ತಿಳಿಯುತ್ತದೆ. ಮನೆಯವರು ಸುಸ್ತು ಎಂದ ಹೆಣ್ಣುಮಗಳ ಮಾತನ್ನು ಸೋಮಾರಿತನವೆಂದು ತಳ್ಳದಿರಲಿ. ಸರ್ಕಾರ ಸರಾಸರಿಯನ್ನು ತೋರಿಸಿ ಸಮಾಧಾನ ಹೇಳುವ ಬದಲು, ಯಾರ ದೇಹದಲ್ಲಿ ಉಳಿಕೆ ಬರಿದಾಗಿದೆ ಎಂದು ಹುಡುಕಿಕೊಂಡು ಹೋಗಲಿ. ಒಂದು ಜ್ವರ, ಒಂದು ಹೆರಿಗೆ, ಒಂದು ಬರಗಾಲ ಬಂದರೂ ಕುಸಿಯದಷ್ಟು ಶಕ್ತಿ ಪ್ರತಿಯೊಬ್ಬರ ದೇಹದಲ್ಲಿ ಇರುವಂತೆ ಮಾಡುವುದೇ ಸಾರ್ವಜನಿಕ ಆರೋಗ್ಯದ ಕೆಲಸ. ಉಳಿದ ಗುರಿಗಳೆಲ್ಲ ಅದರ ನಂತರ.